ಮನೆಯ ಅಡುಗೆ, ಶಾಲೆಯ ಪಂಕ್ತಿ

ಆಹಾರ ಮೇಳ, ಸಂಸ್ಕೃತಿ ಸಂಜೆ, ಮಕ್ಕಳ ಸಂತೆ ಮೊದಲಾದ ಹೆಸರುಗಳಿಂದ ಈಚೆಗೆ ನಮ್ಮ ಶಾಲೆಗಳಲ್ಲಿ ನಡೆಯುತ್ತಿರುವ ಸಮಾರಂಭಗಳಿಗೆ ಮುಂಚಿತವಾಗಿ ಮಕ್ಕಳ ಕೈಯಲ್ಲಿ ಮನೆಗೆ ಬರುವ ಸೂಚನೆ ಸಾಮಾನ್ಯವಾಗಿ ಒಂದೇ ಸಾಲಿನದಾಗಿರುತ್ತದೆ: ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಸಂಸ್ಕೃತಿಯನ್ನು ತೋರಿಸುವ ಒಂದು ತಿನಿಸನ್ನು ತರತಕ್ಕದ್ದು. ಬರೆದವರಿಗೆ ಇದು ಸರಳವಾದ ಮಾತು. ಓದಿದ ಮನೆಯಲ್ಲಿ ಮಾತ್ರ ಅದು ಅಷ್ಟು ಸರಳವಾಗಿ ಉಳಿಯುವುದಿಲ್ಲ. ನಮ್ಮದೆಂದು ಹೇಳಿಕೊಳ್ಳತಕ್ಕ ಅಡುಗೆ ಯಾವುದು, ಅದನ್ನು ನಾಲ್ಕು ಜನರ ಎದುರಿಗೆ ಇಡಬಹುದೆ, ಇಟ್ಟರೆ ಅವರು ಏನೆಂದುಕೊಂಡಾರು ಎಂದು, ತನ್ನ ಸ್ಥಾನಮಾನವನ್ನು ಕುರಿತು ಒಂದು ಸಂಸಾರ ಬಹುಕಾಲದಿಂದ ಒಳಗೇ ಇಟ್ಟುಕೊಂಡಿದ್ದ ಲೆಕ್ಕವೆಲ್ಲ ಆ ರಾತ್ರಿ ಒಲೆಯ ಮುಂದೆ ಹೊರಬೀಳುತ್ತದೆ.

ಆ ಲೆಕ್ಕದಲ್ಲಿ ಬಹುಮಟ್ಟಿಗೆ ಗೆಲ್ಲುವುದು ಹಬ್ಬದ ಅಡುಗೆ. ಅದೂ ಆಗದಿದ್ದರೆ ಅಂಗಡಿಯ ಸಿಹಿ. ವರ್ಷಕ್ಕೆ ಒಂದೆರಡು ಸಲ ಮಾಡುವ ಹೋಳಿಗೆ ಮನೆಯ ಪ್ರತಿನಿಧಿಯಾಗುತ್ತದೆ. ಬೇಕರಿಯಿಂದ ಕಟ್ಟಿಸಿಕೊಂಡು ಬಂದ ಮೈಸೂರು ಪಾಕು ಮನೆಯ ಪಾತ್ರೆಗೆ ವರ್ಗಾವಣೆಯಾಗಿ ಕುಲಾಚಾರದ ಪಟ್ಟವನ್ನು ಪಡೆಯುತ್ತದೆ. ಸಾಗರದಾಚೆಯ ಶಾಲೆಗಳಲ್ಲಿ ಇಂಥದೇ ಸಂಜೆಗಳಿಗೆ ಅಡುಗೆ ಮಾಡಬೇಕಾಗಿ ಬರುವ ಕನ್ನಡಿಗ ತಾಯಂದಿರ ಸಂಕಟವೂ ಬೇರೆ ಬಗೆಯದಲ್ಲ. ಮನೆಯಲ್ಲಿ ವಾರಕ್ಕೆ ಮೂರು ದಿನ ಸೊಪ್ಪಿನ ಸಾರು ಮಾಡುವವರು, ಪರದೇಶದವರಿಗೆ ಗುರುತು ಸಿಕ್ಕಲೆಂದು, ಹುಟ್ಟಿದೂರಿನಲ್ಲಿ ಎಂದೂ ಕರಿಯದಿದ್ದ ಸಮೋಸವನ್ನು ಅಲ್ಲಿ ಕರಿದು ಕಳುಹಿಸುವುದುಂಟು. ನೋಡುವವರ ನಿರೀಕ್ಷೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ಈ ಸ್ವಭಾವ ಮನುಷ್ಯ ಸಹಜವಾದುದೇ. ಆದರೆ ಶಾಲೆ ಮಗುವಿಗೆ ಕಲಿಸಬೇಕಾದುದು ಅದನ್ನಲ್ಲ. ಮನೆಯಿಂದ ಶಾಲೆಗೆ ಹೋಗಬೇಕಾದುದು ಮನೆಯವರು ದಿನವೂ ಉಣ್ಣುವ ಅಡುಗೆ. ಶಾಲೆ ಮಾಡಬೇಕಾದುದು ಅದಕ್ಕೆ ಪಂಕ್ತಿಯಲ್ಲಿ ಒಂದು ಎಡೆ. ಈ ಲೇಖನದ ವಾದ ಇಷ್ಟೇ.

ವಾದಕ್ಕೆ ನೆಲೆಯಾಗಿ ನಾನು ಬೆಂಗಳೂರಿನ ಯಾವ ದೊಡ್ಡ ಶಾಲೆಯನ್ನೂ ಆರಿಸಿಕೊಳ್ಳುವುದಿಲ್ಲ. ರಾಜ್ಯದ ಅಂಚಿನಲ್ಲಿರುವ ಗೋಪಿನಾಥಂ ಎಂಬ ಹಳ್ಳಿಯನ್ನು ಆರಿಸಿಕೊಳ್ಳುತ್ತೇನೆ. ಮಲೆ ಮಹದೇಶ್ವರ ಬೆಟ್ಟವನ್ನು ದಾಟಿ, ಪಾಲಾರ್‌ಗೆ ಇಳಿದು, ಕಾವೇರಿ ವನ್ಯಜೀವಿಧಾಮದ ಕಾಡನ್ನು ಹಾದು ಹೊಗೇನಕಲ್ಲಿನ ದಿಕ್ಕಿಗೆ ಸಾಗಿದರೆ ಸಿಕ್ಕುವ ಈ ಊರು ಈಗ ಹನೂರು ತಾಲ್ಲೂಕಿಗೆ ಸೇರಿದ್ದು. ಅದಕ್ಕೆ ಮುಂಚೆ ಕೊಳ್ಳೇಗಾಲ ತಾಲ್ಲೂಕಿನದು. ಆ ಕೊಳ್ಳೇಗಾಲ ತಾಲ್ಲೂಕಾದರೋ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದಿತು. ಗಡಿಯ ಗೆರೆ ನಕ್ಷೆಯ ಮೇಲೆ ಒಂದು ದಿನದಲ್ಲಿ ಸರಿಯಿತು. ಅಡುಗೆಮನೆಯಲ್ಲಿ ಅದು ಇನ್ನೂ ಪೂರ್ತಿಯಾಗಿ ಸರಿದಿಲ್ಲ. ಗೋಪಿನಾಥಂನ ಬಹುತೇಕ ಮನೆಗಳ ಮಾತು ತಮಿಳು. ಶಾಲೆ, ಕಚೇರಿ, ಬಸ್ಸುಗಳ ಮಾತು ಕನ್ನಡ. ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಮಕ್ಕಳಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಇದೇ ಸೀಮೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಕಣ್ಣಾಡಿಸಿದರೆ, ಮಾರ್ಟಳ್ಳಿಯಲ್ಲಿ ತಮಿಳಾಡುವ ಕ್ರೈಸ್ತ ಕುಟುಂಬಗಳುಂಟು. ಬೆಟ್ಟಗಳ ಪೋಡುಗಳೆಂಬ ಹಾಡಿಗಳಲ್ಲಿ ಸೋಲಿಗರುಂಟು. ಮಲೆ ಮಹದೇಶ್ವರನಾದ ಮಾದಪ್ಪನ ಪೂಜೆಯ ಹಕ್ಕುಳ್ಳ ಬೇಡಗಂಪಣರುಂಟು. ಒಡೆಯರಪಾಳ್ಯದಲ್ಲಿ 1974ರಲ್ಲಿ ನೆಲೆಗೊಂಡ ಟಿಬೆಟನ್ನರ ಧೋಂಡೆನ್‌ಲಿಂಗ್ ವಸಾಹತು ಉಂಟು. ಹಿಮಾಲಯವನ್ನು ದಾಟಿ ಬಂದವರು ಮುಸುಕಿನ ಜೋಳ ಬೆಳೆಯುತ್ತ, ಮೊಮೊ ಬೇಯಿಸುತ್ತ, ನಮ್ಮ ಹೊಲಗಳ ಪಕ್ಕದಲ್ಲಿಯೇ ಅರ್ಧ ಶತಮಾನವನ್ನು ಕಳೆದಿದ್ದಾರೆ. ಬಹುಸಂಸ್ಕೃತಿಯೆಂಬುದು ನಗರದ ಶಾಲೆಗಳಲ್ಲಿ ಪ್ರಯತ್ನಪೂರ್ವಕವಾಗಿ ಏರ್ಪಡಿಸಬೇಕಾದ ಉತ್ಸವವಾಗಿದ್ದರೆ, ಹನೂರು, ಕೊಳ್ಳೇಗಾಲ, ಯಳಂದೂರುಗಳಲ್ಲಿ ಅದು ಸಂತೆಯ ದಿನ ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತಿರುವ ಸಂಗತಿ. ಆದುದರಿಂದ ಈ ಭಾಗದ ಒಂದು ಶಾಲೆಯಲ್ಲಿ ಮನೆಯ ಅಡುಗೆಯ ಸಂಜೆಯೊಂದು ನಡೆಯುವುದಾದರೆ ಅಲ್ಲಿ ಪಾತ್ರೆಗಳಿಗೆ ಕೊರತೆಯಿರದು. ಯಾವ ಪಾತ್ರೆಯ ಮುಚ್ಚಳವನ್ನು ಸಂಕೋಚವಿಲ್ಲದೆ ತೆರೆಯಲಾಗುತ್ತದೆ ಎಂಬುದೇ ಪ್ರಶ್ನೆ.

ಈ ಮನೆಗಳಲ್ಲಿ ಬಹುಪಾಲಿಗೆ ಸಮಾನವಾದ ಒಂದು ಧಾನ್ಯವುಂಟು, ಅದು ರಾಗಿ. ಮಲೆಯ ಮಾದಪ್ಪನನ್ನು ಕುರಿತ ಜನಪದ ಮಹಾಕಾವ್ಯದಲ್ಲಿ ಆ ದೇವರೇ ಸುತ್ತೂರಿನ ಮಠದಲ್ಲಿ ರಾಗಿ ಬೀಸುವ ಕಾಯಕಕ್ಕೆ ನಿಲ್ಲುತ್ತಾನೆ. ದೇವರಿಗೆ ಒಗ್ಗಿದ ಕೆಲಸ ಭಕ್ತರಿಗೆ ಒಗ್ಗದಿರುವುದೆಂತು? ಈ ಕಡೆಯ ಕನ್ನಡದ ಮನೆಗಳಲ್ಲಿ ಅದರ ಮುದ್ದೆಗೆ ‘ಹಿಟ್ಟು’ ಎಂದರೆ ಸಾಕು, ಬೇರೆ ವಿಶೇಷಣ ಬೇಕಿಲ್ಲ. ತಮಿಳಿನ ಮನೆಗಳಲ್ಲಿ ಅದು ‘ಕಳಿ’. ಹೆಸರು ಯಾವುದಾದರೂ ಕೈಯ ಕೆಲಸ ಒಂದೇ. ಎಸರು ಕುದಿಯಬೇಕು, ಚಿಟಿಕೆ ಉಪ್ಪು ಬೀಳಬೇಕು, ಕೆಲವು ಮನೆಗಳಲ್ಲಿ ಒಂದು ಹಿಡಿ ನುಚ್ಚಕ್ಕಿ ಮುಂಚೆಯೇ ಬೇಯುತ್ತಿರುತ್ತದೆ. ಹಿಟ್ಟನ್ನು ಗೋಪುರದಂತೆ ನಡುವೆ ಸುರಿದು, ಕದಡದೆ, ನಡುವೆ ಕೋಲಿನಿಂದ ಒಂದು ಗುಳಿ ಮಾಡಿ, ನೀರು ತಾನಾಗಿಯೇ ಮೇಲಕ್ಕೆ ಉಕ್ಕಿ ಹಿಟ್ಟನ್ನು ಬೇಯಿಸುವವರೆಗೆ ಕಾಯಬೇಕು. ಅನಂತರ ಪಾತ್ರೆಯನ್ನು ಕಾಲಿನಿಂದಲೋ ಕವೆಗೋಲಿನಿಂದಲೋ ಅದುಮಿ ಹಿಡಿದು, ಎರಡೂ ಕೈಗಳಿಂದ ಕೋಲನ್ನು ತಿರುವುತ್ತ ಬರುವಾಗ ತೋಳಿನ ಬಲವೆಷ್ಟು ಬೇಕೋ ಮನಸ್ಸಿನ ಎಚ್ಚರವೂ ಅಷ್ಟೇ ಬೇಕು. ಒಂದು ಕ್ಷಣ ಅಜಾಗರೂಕರಾದರೆ ಗಂಟು ಉಳಿಯಿತು. ಒದ್ದೆ ಮಾಡಿಕೊಂಡ ಬೆರಳು ತಾಕಿಸಿದಾಗ ಅಂಟದಿದ್ದರೆ ಬೆಂದಿದೆಯೆಂದು ಅರ್ಥ. ಆಮೇಲೆ ನೀರು ಸವರಿದ ಮಣೆಯ ಮೇಲೆ, ಬಿಸಿಯನ್ನು ಅಂಗೈಯಿಂದ ಅಂಗೈಗೆ ದಾಟಿಸುತ್ತ, ಉಂಡೆ ಕಟ್ಟಬೇಕು. ಇಷ್ಟು ಕೌಶಲವನ್ನು ಬೇಡುವ ಅಡುಗೆಯನ್ನು ‘ಏನೂ ಇಲ್ಲದ ಮನೆಯ ಊಟ’ ಎಂದು ಕರೆಯುವವರು ಅದನ್ನು ಒಮ್ಮೆಯೂ ತಿರುವಿ ನೋಡಿದವರಲ್ಲ.

ಭೇದ ಕಾಣಿಸಿಕೊಳ್ಳುವುದು ಮುದ್ದೆಯ ಪಕ್ಕದಲ್ಲಿ. ಕನ್ನಡದ ಮನೆಯ ತಟ್ಟೆಯಲ್ಲಿ ಉಪ್ಪುಸಾರು; ಸೊಪ್ಪು ಕಾಳುಗಳು ಬೆಂದ ತಿಳಿನೀರು ಒಂದು ಕಡೆ, ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣುಗಳನ್ನು ಅರೆದ ಖಾರ ಇನ್ನೊಂದು ಕಡೆ; ಉಣ್ಣುವವನು ತನ್ನ ನಾಲಗೆಗೆ ತಕ್ಕಂತೆ ಎರಡನ್ನೂ ಬೆರಸಿಕೊಳ್ಳುವ ಸ್ವಾತಂತ್ರ್ಯವುಳ್ಳ ಸಾರು ಅದು. ಹುರುಳಿಕಾಳಿನ ದಿನ ಕಟ್ಟಿನ ಸಾರು, ಅವರೆಯ ಕಾಲದಲ್ಲಿ ಅವರೆಕಾಳು. ತಮಿಳಿನ ಮನೆಯಲ್ಲಿ ಕಳಿಯ ಜೊತೆಗೆ ಮಸೆದ ಸೊಪ್ಪು, ಅಥವಾ ಹೊಳೆಯ ಮೀನಿನ ಸಾರು, ಅಥವಾ ಒಣಮೀನಿನ ಕರುವಾಡು ಕುಳಂಬು. ಸೋಲಿಗರಲ್ಲಿ ರಾಗಿ ರೊಟ್ಟಿಯಾಗುತ್ತದೆ. ಕಾಡಿನ ಸೊಪ್ಪು, ಗೆಡ್ಡೆ ಗೆಣಸು, ಹೆಜ್ಜೇನು ಅದಕ್ಕೆ ಒದಗುತ್ತವೆ. ನಾಲ್ಕು ಮನೆಗಳ ನಾಲ್ಕು ತಟ್ಟೆಗಳನ್ನು ಒಂದೇ ಮೇಜಿನ ಮೇಲಿಟ್ಟರೆ, ತಾವು ಎಷ್ಟು ಬೇರೆ ಎಂಬುದರ ಜೊತೆಗೇ ತಾವು ಎಷ್ಟು ಒಂದು ಎಂಬುದೂ ಮಕ್ಕಳಿಗೆ ಬಾಯಿಮಾತಿನ ಉಪದೇಶವಿಲ್ಲದೆ ತಿಳಿಯುತ್ತದೆ. ಹೋಳಿಗೆ ಮೈಸೂರು ಪಾಕುಗಳ ಮೇಜಿನಿಂದ ಈ ಜ್ಞಾನ ಹುಟ್ಟಲಾರದು, ಏಕೆಂದರೆ ಹಬ್ಬದ ಸಿಹಿ ಎಲ್ಲ ಕಡೆಯೂ ಹೆಚ್ಚು ಕಡಮೆ ಒಂದೇ ಮುಖದ್ದು.

ಆದರೂ ಹಿಟ್ಟನ್ನು ಶಾಲೆಗೆ ಕಳುಹಿಸುವುದೆಂದರೆ ಮನೆಯವರೇ ಹಿಂಜರಿಯುತ್ತಾರೆ. ‘ಹಿಟ್ಟ ಯಾರಾರ ಇಸ್ಕೂಲ್ಗ ತಕ್ಕೊಂಡೋದ್ದಾರಾ ಕೂಸೇ’ ಎಂದು ನಗುವ ಅಜ್ಜಿಯರು ಈ ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ. ಆ ನಗುವಿನ ಹಿಂದೆ ತಲೆಮಾರುಗಳ ಅವಮಾನವುಂಟು: ಅನ್ನ ಉಳ್ಳವರದು, ಹಿಟ್ಟು ಇಲ್ಲದವರದು ಎಂಬ ನಂಬಿಕೆ, ನೆಂಟರು ಬಂದ ದಿನ ಮಾತ್ರ ಅಕ್ಕಿ ಅಳೆಯುತ್ತಿದ್ದ ಮನೆಯ ನೆನಪು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನಗರದ ಹೋಟೆಲುಗಳಲ್ಲಿ ರಾಗಿಗೆ ಹೊಸ ಮರ್ಯಾದೆ ಬಂದಿತು; ರಾಗಿ ಬಿಸ್ಕತ್ತು, ರಾಗಿ ಮಾಲ್ಟ್, ರಾಗಿ ದೋಸೆಗಳು ಆರೋಗ್ಯದ ಹೆಸರಿನಲ್ಲಿ ದುಬಾರಿಯ ವಸ್ತುಗಳಾದವು. ಬೆಳೆದವನ ಮಗು ತರಲು ನಾಚುವ ವಸ್ತುವನ್ನು ಕೊಳ್ಳುವವನ ಮಗು ಹೆಮ್ಮೆಯಿಂದ ತಿನ್ನುವ ಈ ವೈಪರೀತ್ಯವನ್ನು ಸರಿಪಡಿಸಲು ಯಾವ ಸರಕಾರಿ ಅಭಿಯಾನಕ್ಕಿಂತಲೂ ಶಾಲೆಯ ಒಂದು ಮೇಜು ಹೆಚ್ಚು ಸಮರ್ಥವಾದುದು.

ಇಲ್ಲಿ ಕನಕದಾಸರ ‘ರಾಮಧಾನ್ಯಚರಿತೆ’ಯನ್ನು ನೆನೆಯದಿರುವುದು ಕಷ್ಟ. ನೆಲ್ಲಿಗೂ ರಾಗಿಗೂ ಹುಟ್ಟಿದ ಜಗಳದಲ್ಲಿ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕಾಲದ ಪರೀಕ್ಷೆಯಲ್ಲಿ ಸತ್ತ್ವ ಕೆಡದೆ ಉಳಿದ ರಾಗಿಯನ್ನು ಮನ್ನಿಸಿದ ಕಥೆ ನಮ್ಮ ಸಾಹಿತ್ಯದಲ್ಲಿ ಕೆಳಗಿನವರ ಪರವಾಗಿ ಬರೆದ ಅತ್ಯಂತ ಧೀರವಾದ ಅನ್ಯೋಕ್ತಿಗಳಲ್ಲೊಂದು. ಆದರೆ ಶಾಲೆಗೆ ಆ ಕಥೆಯ ಪೂರ್ವಾರ್ಧ ಬೇಡ. ಮಕ್ಕಳ ಅಡುಗೆಗೆ ಪ್ರಥಮ, ದ್ವಿತೀಯ, ತೃತೀಯ ಬಹುಮಾನಗಳನ್ನು ಹಂಚುವ ಪದ್ಧತಿ ಹಲವು ಮೇಳಗಳಲ್ಲಿ ರೂಢಿಯಾಗಿದೆ; ತೀರ್ಪುಗಾರರು ಚಮಚೆ ಹಿಡಿದು ಮೇಜಿನಿಂದ ಮೇಜಿಗೆ ನಡೆಯುತ್ತಾರೆ; ಬಣ್ಣ, ಅಲಂಕಾರ, ಸೌಟಿನ ಹೊಳಪುಗಳಿಗೆ ಅಂಕ ಬೀಳುತ್ತದೆ. ಒಬ್ಬಳ ಅವ್ವ ಮಾಡಿದ ಸಾರಿಗಿಂತ ಇನ್ನೊಬ್ಬಳ ಅವ್ವ ಮಾಡಿದ ಪಾಯಸ ಉತ್ತಮವೆಂದು ಫಲಕದ ಮೇಲೆ ಬರೆದ ಕೂಡಲೆ ಆ ಸಂಜೆಯ ಉದ್ದೇಶ ಮುರಿದುಬಿತ್ತು. ರಾಗಿ ಗೆದ್ದರೂ ಅದು ತಪ್ಪು, ಅಕ್ಕಿ ಗೆದ್ದರೂ ತಪ್ಪು; ಮಾಡಬೇಕಾದುದು ಬಹುಮಾನವನ್ನೇ ತೆಗೆದುಹಾಕುವುದು.

ಗೋಪಿನಾಥಂನ ಮಗುವಿನ ವಿಷಯದಲ್ಲಿ, ಮನೆಯ ಅಡುಗೆಯನ್ನೇ ಕಳುಹಿಸಬೇಕೆನ್ನಲು ಇನ್ನೂ ಒಂದು ಕಾರಣವುಂಟು. ಆ ಊರಿನ ಹೆಸರನ್ನು ಹೊರಗಿನವರೆದುರು ಹೇಳಿದೊಡನೆ ಬರುವ ಮರುಮಾತು ಒಂದೇ: ವೀರಪ್ಪನ್. ಆ ಕಾಡುಗಳ್ಳ ಹುಟ್ಟಿದ್ದು ಅಲ್ಲಿ. ಸತ್ತದ್ದು 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ. ಈಗ ಶಾಲೆಯಲ್ಲಿರುವ ಮಕ್ಕಳಾರೂ ಆಗ ಹುಟ್ಟಿರಲಿಲ್ಲ. ಆದರೂ ಆ ಹೆಸರನ್ನು ಅವರು ತಮ್ಮ ವಿಳಾಸದಂತೆ ಹೊರಬೇಕಾಗಿದೆ. ಅದೇ ಊರಿನ ಜನರ ನಡುವೆ ಓಡಾಡಿ, ಅವರ ವಿಶ್ವಾಸವನ್ನು ಗಳಿಸಿ, 1991ರ ನವೆಂಬರ್ 10ರಂದು ಕಾಡುಗಳ್ಳನ ಮೋಸಕ್ಕೆ ಬಲಿಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. ಊರಿನವರು ಅವರನ್ನು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಆದರೆ ಪ್ರವಾಸಿಗಳು ಬಂದು ಮೊದಲು ವಿಚಾರಿಸುವುದು ಅವರನ್ನಲ್ಲ. ಇಂಥ ಊರಿನ ಹುಡುಗಿಯೊಬ್ಬಳು ಜಿಲ್ಲೆಯ ಯಾವುದೋ ಶಾಲೆಯ ಸಂಜೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು, ‘ಇದು ನಮ್ಮ ಪಾಟಿ, ಅಂದರೆ ಅಜ್ಜಿ, ಮಾಡಿದ ಮೀನ್‌ಸಾರು, ಮೀನು ನಮ್ಮ ಕಾವೇರಿಯದು, ನಾವು ಗೋಪಿನಾಥಂನವರು’ ಎಂದು ಹೇಳಿದರೆ, ಪತ್ರಿಕೆಗಳು ಮೂವತ್ತು ವರ್ಷ ಬರೆದುದಕ್ಕೆ ಅದೊಂದು ಮರುನುಡಿ. ಊರನ್ನು ಪರಿಚಯಿಸುವ ಹಕ್ಕು ಊರಿನಲ್ಲಿ ಉಣ್ಣುವವರದು.

ಮೀನಿನ ಮಾತು ಬಂದ ಮೇಲೆ ಕೆಲವರ ಹುಬ್ಬು ಗಂಟಿಕ್ಕುವುದು ಖಂಡಿತ. ‘ಸಸ್ಯಾಹಾರ ಮಾತ್ರ’ ಎಂಬ ಒಂದು ಒಕ್ಕಣೆ ಇಂಥ ಸೂಚನೆಗಳ ಕೊನೆಯಲ್ಲಿ ಸದ್ದಿಲ್ಲದೆ ಸೇರಿಕೊಳ್ಳುವುದುಂಟು. ಯಾರಿಗೂ ನೋವಾಗದಿರಲೆಂಬುದು ಅದರ ಸಮರ್ಥನೆ. ಆದರೆ ಆ ಒಂದು ಸಾಲಿನಿಂದ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯ ಅಡುಗೆ ಮುಟ್ಟಬಾರದ್ದೆಂಬ ಭಾವ ಅವರ ಮನಸ್ಸಿನಲ್ಲಿಯೇ ಬೇರೂರುತ್ತದೆ ಎಂಬ ನೋವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ವಿಷಯದಲ್ಲಿ ನಮ್ಮ ಸೀಮೆ ಹೊರಗಿನಿಂದ ಪಾಠ ಕಲಿಯಬೇಕಾದ ಅಗತ್ಯವಿಲ್ಲ. ಪ್ರತಿ ವರ್ಷ ಬನದ ಹುಣ್ಣಿಮೆಯಿಂದ ಐದು ದಿನ ನಡೆಯುವ ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆಯಲ್ಲಿ, ಚಂದ್ರಮಂಡಲ ಮೊದಲಾದ ಸೇವೆಗಳ ಸಾಲಿನಲ್ಲಿ, ಪಂಕ್ತಿಸೇವೆ ಎಂಬುದೊಂದುಂಟು. ಮಂಟೇಸ್ವಾಮಿ ಪರಂಪರೆಯ ಒಕ್ಕಲುಗಳು ಬಯಲಿನಲ್ಲಿ ಬಿಡಾರ ಹೂಡಿ, ತಂತಮ್ಮ ಒಲೆಗಳಲ್ಲಿ ತಂತಮ್ಮ ಅಡುಗೆ ಮಾಡಿ, ಜಾತಿಯನ್ನು ಕೇಳದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಸೇವೆ ಅದು. ಪ್ರಾಣಿಬಲಿಯನ್ನು ನಿಷೇಧಿಸುವ 1959ರ ಕಾಯಿದೆಯ ಆಧಾರದ ಮೇಲೆ ಆಡಳಿತದವರು ಈಚಿನ ವರ್ಷಗಳಲ್ಲಿ ಅಲ್ಲಿಯ ಮಾಂಸದಡುಗೆಗೆ ಅಡ್ಡಿಯೊಡ್ಡಿದಾಗ, ತಮ್ಮದು ಬಲಿಯಲ್ಲ, ಸಹಭೋಜನ ಎಂದು ಒಕ್ಕಲಿನವರು ವಾದಿಸಿದ್ದಾರೆ. ಕಾನೂನಿನ ಆ ವ್ಯಾಜ್ಯ ಏನೇ ಇರಲಿ, ತಂತಮ್ಮ ಒಲೆ, ಎಲ್ಲರ ಪಂಕ್ತಿ ಎಂಬ ಆ ತತ್ತ್ವಕ್ಕಿಂತ ಉತ್ತಮವಾದ ಮಾದರಿ ಶಾಲೆಯ ಸಂಜೆಗೆ ಬೇರೊಂದಿಲ್ಲ.

ಇದರ ಅರ್ಥ ಯಾರೂ ಯಾರ ತಟ್ಟೆಗೂ ಬಲವಂತವಾಗಿ ಬಡಿಸಬೇಕೆಂದಲ್ಲ. ತಿನ್ನದವರಿಗೆ ತಿನ್ನದಿರುವ ಹಕ್ಕು ಇದ್ದೇ ಇದೆ. ಮೇಜುಗಳನ್ನು ಬೇರೆ ಬೇರೆಯಾಗಿ ಇಡಬಹುದು, ಸೌಟುಗಳನ್ನು ಬೆರಸದಿರಬಹುದು, ಪ್ರತಿ ಪಾತ್ರೆಯ ಮುಂದೆ ಅದರಲ್ಲೇನಿದೆಯೆಂದು ದಪ್ಪಕ್ಷರದಲ್ಲಿ ಬರೆದಿಡಬಹುದು. ‘ನಾನು ತಿನ್ನುವುದಿಲ್ಲ’ ಎನ್ನುವುದು ಸಂಸ್ಕಾರ. ‘ನೀನೂ ತರಕೂಡದು’ ಎನ್ನುವುದು ಅಧಿಕಾರ. ಇನ್ನು ಸುರಕ್ಷತೆಯ ವಿಷಯದಲ್ಲಿ ಹನೂರು ತಾಲ್ಲೂಕಿನವರಿಗೆ ಎಚ್ಚರಿಕೆ ಹೇಳಬೇಕಾದುದೇ ಇಲ್ಲ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದವನ್ನು ತಿಂದು 17 ಮಂದಿ ಸತ್ತ ದುಃಖ ಇಲ್ಲಿ ಇನ್ನೂ ಆರಿಲ್ಲ. ಹಂಚಿ ಉಣ್ಣುವುದು ನಂಬಿಕೆಯ ಮೇಲೆ ನಿಂತ ವ್ಯವಹಾರವೆಂದು ಅಷ್ಟು ಕಠೋರವಾಗಿ ಕಲಿತ ನೆಲದಲ್ಲಿ, ಅಡುಗೆ ಮಾಡಿದವರು ಪಾತ್ರೆಯ ಜೊತೆಗೇ ಬಂದು, ಮೊದಲ ತುತ್ತನ್ನು ತಾವು ಉಂಡು, ಅನಂತರ ಬಡಿಸಬೇಕೆಂಬ ನಿಯಮ ಅತಿಯೆನಿಸದು. ಆ ನಿಯಮದಿಂದ ಇನ್ನೊಂದು ಲಾಭವೂ ಉಂಟು: ಶಾಲೆಯ ಸಮಾರಂಭಗಳಲ್ಲಿ ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂರುವ ಅವ್ವ, ಅಜ್ಜಿಯರು ಆ ದಿನ ಮೇಜಿನ ಹಿಂದೆ ಅಧ್ಯಾಪಕಿಯರಾಗಿ ನಿಲ್ಲುತ್ತಾರೆ.

ಆಯ್ಕೆಯೇ ಇಲ್ಲದ ಮಕ್ಕಳ ಗತಿಯೇನು? ಆಶ್ರಮಶಾಲೆಯಲ್ಲಿರುವ ಸೋಲಿಗರ ಮಗುವಿಗೆ ಅಡುಗೆಮನೆ ಹತ್ತಿರದಲ್ಲಿಲ್ಲ. ಕೂಲಿಗೆ ಹೋದ ತಾಯಿಗೆ ಸಂಜೆಯ ಹೊತ್ತಿಗೆ ಐವತ್ತು ಜನಕ್ಕಾಗುವಷ್ಟು ಅಡುಗೆ ಮಾಡುವ ಸಾಮಾನೂ ಇಲ್ಲ, ಪುರಸೊತ್ತೂ ಇಲ್ಲ. ‘ತರತಕ್ಕದ್ದು’ ಎಂದು ಬರೆಯುವವರು ಇದನ್ನು ಯೋಚಿಸಿರುವುದಿಲ್ಲ. ಆದರೆ ಇದಕ್ಕೆ ದಾರಿಯುಂಟು. 2002ರಿಂದ ನಮ್ಮ ರಾಜ್ಯದಲ್ಲಿ ಬಿಸಿಯೂಟದ ಅಕ್ಷರ ದಾಸೋಹ ನಡೆಯುತ್ತಿದೆ. ಸರಕಾರಿ ಶಾಲೆಗಳಲ್ಲಿ ಒಲೆಯುಂಟು, ದೊಡ್ಡ ಪಾತ್ರೆಗಳುಂಟು, ನೂರಾರು ಮಕ್ಕಳಿಗೆ ದಿನವೂ ಬೇಯಿಸಿ ಹಾಕುವ ಅಡುಗೆಯವರುಂಟು. ಸಾಮಾನನ್ನು ಶಾಲೆಯೇ ಒದಗಿಸಿ, ಮನೆಯವರು ಅಲ್ಲಿಗೇ ಬಂದು ಅಡುಗೆಯವರ ಜೊತೆ ಕೂಡಿ ಬೇಯಿಸುವುದಾದರೆ ಯಾವ ಮಗುವೂ ಬರಿಗೈಯಲ್ಲಿ ನಿಲ್ಲಬೇಕಾಗುವುದಿಲ್ಲ. ತರಲಾರದ ಮಗು ಹೇಳಲಾದರೂ ಬಲ್ಲದು. ಗೆಣಸನ್ನು ಅಗೆಯುವಾಗ ಬಳ್ಳಿಯ ಬುಡವನ್ನು ಮಣ್ಣಿನಲ್ಲಿಯೇ ಉಳಿಸಿ ಮತ್ತೆ ಚಿಗುರಲು ಬಿಡುವ ಕ್ರಮವನ್ನು, ಹೆಜ್ಜೇನಿನ ಹಲ್ಲೆಯಲ್ಲಿ ಒಂದು ಪಾಲನ್ನು ಹಾಗೆಯೇ ಬಿಟ್ಟು ಬರುವ ಕ್ರಮವನ್ನು ಸೋಲಿಗರ ಮಗು ವಿವರಿಸಿದರೆ, ಬಿಳಿಗಿರಿರಂಗನ ಬೆಟ್ಟದ ಸುತ್ತಿನ ಪೋಡುಗಳಿಗೆ 2011ರಲ್ಲಿ ಸಮುದಾಯದ ಅರಣ್ಯ ಹಕ್ಕು ಏಕೆ ದೊರೆಯಿತು, ದೊರೆಯಬೇಕಾಗಿತ್ತು ಏಕೆ ಎಂಬುದು ಸಮಾಜ ವಿಜ್ಞಾನದ ಪುಸ್ತಕಕ್ಕಿಂತ ಸ್ಪಷ್ಟವಾಗಿ ಉಳಿದ ಮಕ್ಕಳಿಗೆ ತಿಳಿದೀತು.

ಹಾಗಾದರೆ ಮನೆಯವರು ಆರಿಸುವುದು ಹೇಗೆ? ಮೂರು ಪ್ರಶ್ನೆಗಳು ಸಾಕು. ಹೋದ ವಾರ ನಮ್ಮ ಮನೆಯಲ್ಲಿ ಇದನ್ನು ಮಾಡಿದ್ದೆವೆ? ಇದನ್ನು ಮಾಡುವ ಬಗೆಯನ್ನು ಮಗು ತನ್ನ ಮಾತಿನಲ್ಲಿ ಹೇಳಬಲ್ಲದೆ? ಬಂದವರಿಗೆಲ್ಲ ಒಂದೊಂದು ತುತ್ತಾದರೂ ಸಿಕ್ಕುವಂತೆ ಇದನ್ನು ಮಾಡುವುದು ನಮ್ಮ ಕೈಲಾದೀತೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದೇ ಆ ಮನೆಯ ಅಡುಗೆ. ಅದು ಹುಚ್ಚೆಳ್ಳಿನ ಚಟ್ನಿಯಾಗಿರಲಿ, ಕರುವಾಡು ಕುಳಂಬಾಗಿರಲಿ, ಮೊಮೊ ಆಗಿರಲಿ. ಒಂದೇ ಜಾತಿಯ ಹತ್ತು ಮನೆಗಳಿಂದ ಹತ್ತು ಬಗೆಯ ಸಾರು ಬಂದೀತು, ಬರಲಿ. ಮಗು ತನ್ನ ಮನೆಯ ಪ್ರತಿನಿಧಿಯೇ ಹೊರತು ಜಾತಿಯ, ಮತದ, ಭಾಷೆಯ ರಾಯಭಾರಿಯಲ್ಲ. ಆ ಹೊರೆಯನ್ನು ಹತ್ತು ವರ್ಷದ ಹೆಗಲಿನ ಮೇಲೆ ಹೊರಿಸಕೂಡದು.

ಶಾಲೆಯ ಮುಖ್ಯೋಪಾಧ್ಯಾಯರಿಗೂ ಶಾಲಾಭಿವೃದ್ಧಿ ಸಮಿತಿಯವರಿಗೂ ನನ್ನ ವಿಜ್ಞಾಪನೆ ಇಷ್ಟೇ: ಮುಂದಿನ ಸಲ ಸೂಚನೆ ಬರೆಯುವಾಗ ‘ಸಂಸ್ಕೃತಿಯನ್ನು ತೋರಿಸುವ ತಿನಿಸು’ ಎಂಬುದನ್ನು ಹೊಡೆದುಹಾಕಿ ‘ನೀವು ಮನೆಯಲ್ಲಿ ಉಣ್ಣುವ ಊಟ’ ಎಂದು ಬರೆಯಿರಿ, ‘ತರತಕ್ಕದ್ದು’ ಎಂಬುದನ್ನು ಹೊಡೆದುಹಾಕಿ ‘ತರಬಹುದು, ಬಂದು ಮಾಡಲೂಬಹುದು’ ಎಂದು ಬರೆಯಿರಿ, ಬಹುಮಾನದ ಹಣವನ್ನು ಸಾಮಾನಿಗೆ ಹಾಕಿ, ತೀರ್ಪುಗಾರರ ಕುರ್ಚಿಗಳನ್ನು ಅಜ್ಜಿಯರಿಗೆ ಕೊಡಿರಿ, ಕೊನೆಯಲ್ಲಿ ಮಕ್ಕಳು, ಅಧ್ಯಾಪಕರು, ಅಡುಗೆಯವರು ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಣ್ಣಿರಿ. ಮನೆಯವರಿಗೆ ಹೇಳಬೇಕಾದುದು ಇನ್ನೂ ಕಡಮೆ: ನಾಚಬೇಡಿ, ಹಿಟ್ಟನ್ನೇ ಕಳುಹಿಸಿ.